ಸ್ವೀಡನ್ನಿನಲ್ಲಿ ಕಾಲು ಮುರಿದ ಏಳು

ವಜ್ರಳ್ಳಿ

ಕಾರು ಬರುವುದಕ್ಕೆ ಮೊದಲೇ ಕಾರಿನ ಮನೆ ಎದ್ದು ನಿಂತಿತ್ತು. ನನ್ನ ಮೈದುನ ಶ್ರೀಪಾದ ವಜ್ರಳ್ಳಿಯಲ್ಲಿ ತನ್ನ ಮನೆಗೆ ತಾಗಿಸಿ ಕಟ್ಟಿಸಿದ ಆ ಶೆಡ್ಡಿನ ನೆಲಕ್ಕೆ ಟೈಲ್ಸ್ ಇದೆ, ಗೋಡೆಗೆ ಹಾಲಿನಂಥ ಬಣ್ಣ ಇದೆ, ಚಾವಣಿಯಲ್ಲಿ ಬಂಗಾರದಂಗಡಿಯ ಹಾಗೆ ಸಾಲು ದೀಪ ಇದೆ. ಅವನ ಹೆಂಡತಿ ವಿದ್ಯಾ ಮದುವೆಯಾದಾಗಿನಿಂದ ಕೇಳುತ್ತ ಬಂದ ಅಡುಗೆಮನೆಯ ಟೈಲ್ಸ್ ಮಾತ್ರ ಇನ್ನೂ ‘ನೋಡನ’ ಎಂಬಲ್ಲೇ ಇದೆ. ಮನುಷ್ಯರು ಹೇಗೋ ಇರುತ್ತಾರೆ, ಕಾರಿಗೆ ಥಂಡಿಯಾಗಬಾರದು.

ಅವನಿಗೆ ಬೇಕಾದದ್ದು ಮಸಲ್ ಕಾರು. ಅರವತ್ತರ ದಶಕದಲ್ಲಿ ಅಮೆರಿಕದವರು ಸಾಧಾರಣ ಎರಡು ಬಾಗಿಲಿನ ಕಾರಿನ ಮೂತಿಯೊಳಗೆ ಲಾರಿ ಎಳೆಯಬಲ್ಲಂಥ ಇಂಜಿನ್ ತುರುಕಿ ನೇರ ರಸ್ತೆಯಲ್ಲಿ ಓಡಿಸಿ ಸಂತೋಷಪಟ್ಟರು. ಅದಕ್ಕೆ ಆ ಹೆಸರು. ತಿರುವು ಬಂದರೆ ಅದಕ್ಕೆ ಕಷ್ಟ. ವಜ್ರಳ್ಳಿಯಿಂದ ಯಲ್ಲಾಪುರಕ್ಕೆ ತಿರುವು ಬಿಟ್ಟರೆ ಬೇರೇನೂ ಇಲ್ಲ. ಇದನ್ನು ಶ್ರೀಪಾದನಿಗೆ ಹೇಳಿದಾಗ ಅವನು ನನ್ನನ್ನು ದೇವರ ಕೋಣೆಗೆ ಚಪ್ಪಲಿ ಮೆಟ್ಟಿ ಬಂದವಳನ್ನು ನೋಡುವಂತೆ ನೋಡಿದ. ಕಾರಿನ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಕಂಪನಿಯ ಭಕ್ತರೂ ಬಯ್ಯುತ್ತಾರೆ, ಎದುರು ಕಂಪನಿಯ ಭಕ್ತರೂ ಬಯ್ಯುತ್ತಾರೆ.

ಈ ಕುಲದಲ್ಲಿ ಕಳ್ಳಮಾಲು ಬಹಳವಂತೆ. ಬಡ ಮಾದರಿಯ ಕಾರಿಗೆ ಶ್ರೀಮಂತ ಮಾದರಿಯ ಪಟ್ಟೆ ಬಳಿದು, ಬಿಲ್ಲೆ ಅಂಟಿಸಿ, ಅಸಲಿಯೆಂದು ಮಾರುತ್ತಾರೆ. ಹಾಗಾಗಿ ಕೊಳ್ಳುವವರು ಜಾತಕ ನೋಡುತ್ತಾರೆ. ಕಾರ್ಖಾನೆಯಲ್ಲಿ ಕೂರಿಸಿದ ಇಂಜಿನ್ನೇ ಇದೆಯೇ, ಚಾಸಿಯ ಸಂಖ್ಯೆಗೂ ಇಂಜಿನ್ ಮೇಲೆ ಒತ್ತಿದ ಸಂಖ್ಯೆಗೂ ಹೊಂದುತ್ತದೆಯೇ, ಮರುಬಣ್ಣ ಎಲ್ಲೆಲ್ಲಿ ಬಿದ್ದಿದೆ, ಯಾವ ತಗಡು ಯಾವಾಗ ಬದಲಾಯಿತು, ಎಲ್ಲವೂ ಗೊತ್ತಾಗಬೇಕು. ಹೊಂದಿದರೆ ಅದು ರತ್ನ, ಹೊಂದದಿದ್ದರೆ ಬರೀ ಹಳೇ ಕಾರು. ನಮ್ಮಲ್ಲಿ ಹೆಣ್ಣು ಕೊಡುವಾಗಲೂ ಇಷ್ಟು ವಿಚಾರಿಸುವುದಿಲ್ಲ. ಗೋತ್ರ ಬೇರೆಯಾದರೆ ಆಯಿತು.

ಶ್ರೀಪಾದನಿಗೆ ಇಂಥ ರತ್ನ ಸಿಕ್ಕಿದ್ದು ಅಮೆರಿಕದಲ್ಲಲ್ಲ, ಸ್ವೀಡನ್ನಿನಲ್ಲಿ. ಅಲ್ಲಿಯ ಹಳ್ಳಿಗಳಲ್ಲಿ ಹಳೆಯ ಅಮೆರಿಕನ್ ಕಾರಿನ ಹುಚ್ಚು ನಮ್ಮಲ್ಲಿಯ ಯಕ್ಷಗಾನದ ಹುಚ್ಚಿನಷ್ಟೇ ಇದೆಯಂತೆ. ತೀರ ಹಳೆಯ ಕಾರನ್ನು ಈಗ ನಮ್ಮ ದೇಶಕ್ಕೆ ತರಿಸಬಹುದು ಎಂದು ಅವನಿಗೆ ಯಾರೋ ಹೇಳಿದ್ದರು. ಫೋನಿನಲ್ಲಿ ಫೋಟೋ ನೋಡಿ ಅವನು ಒಪ್ಪಿಯೇ ಬಿಟ್ಟಿದ್ದ. ಅಡ್ಡ ನಿಂತವಳು ವಿದ್ಯಾ.

“ಅತ್ಗೆ ಹೋಗಿ ನೋಡಿ ಅಸಲಿ ಹೇಳಿದ್ರೆ ಬರ್ಲಿ. ಇಲ್ದಿದ್ರೆ ಆ ಶೆಡ್ಡಲ್ಲಿ ಆನು ಒಲೆ ಹೂಡ್ತೆ” ಎಂದಳು.

ಅತ್ತಿಗೆ ಎಂದರೆ ನಾನು. ಸಿದ್ದಾಪುರದಲ್ಲಿ ವಾಹನ ವಿಮೆಯ ಸರ್ವೇಯರ್ ಆಗಿ ಬಹಳ ಕಾಲ ದುಡಿದವಳು. ಜಜ್ಜಿಹೋದ ಗಾಡಿ ನೋಡಿ, ಚಾಲಕ ಹೇಳಿದ್ದನ್ನು ಕೇಳಿ, ನಿಜವಾಗಿ ಏನಾಯಿತೆಂದು ವರದಿ ಬರೆಯುವ ಕೆಲಸ. ನನ್ನನ್ನು ನೋಡಿ ಅನೇಕರು ಸಾಹೇಬರು ಹಿಂದಿನಿಂದ ಬರುತ್ತಾರೋ ಎಂದು ಕೇಳಿದ್ದಾರೆ. ಕೋಲಸಿರ್ಸಿಯ ತಿರುವಿನಿಂದ ಅರಬೈಲು ಘಟ್ಟದವರೆಗೆ ನಾನು ನೋಡಿದ ಅಪಘಾತಗಳಲ್ಲಿ ತಪ್ಪು ಯಾವಾಗಲೂ ಎಮ್ಮೆಯದು. ಚಾಲಕ ಕುಡಿದಿರಲಿಲ್ಲ, ತೂಕಡಿಸಿರಲಿಲ್ಲ, ಫೋನು ಹಿಡಿದಿರಲಿಲ್ಲ. ಎಮ್ಮೆ ಅಡ್ಡ ಬಂತು. ಅಷ್ಟು ಎಮ್ಮೆ ನಿಜವಾಗಿಯೂ ಇದ್ದಿದ್ದರೆ ನಮ್ಮ ತಾಲೂಕಿನಲ್ಲಿ ಪ್ಯಾಕೆಟ್ ಹಾಲು ಮಾರಾಟವಾಗುತ್ತಿರಲಿಲ್ಲ. ಕದ್ದ ಬೈಕುಗಳ ಚಾಸಿ ನಂಬರು ಉಜ್ಜಿ ಬೇರೆ ಒತ್ತಿದ್ದನ್ನೂ ಸಾಕಷ್ಟು ನೋಡಿದ್ದೇನೆ. ಮಸಲ್ ಕಾರನ್ನು ಮಾತ್ರ ನೋಡಿರಲಿಲ್ಲ. ಆದರೆ ತಗಡು ತಗಡೇ, ಸುಳ್ಳು ಸುಳ್ಳೇ ಎಂದುಕೊಂಡು ಹೊರಟೆ. ನಮ್ಮನೆಯವರು ಬರಲಿಲ್ಲ. ಬಸ್ಸಿಗಿಂತ ದೊಡ್ಡ ವಾಹನದ ಅಗತ್ಯ ಮನುಷ್ಯನಿಗಿಲ್ಲ ಎಂಬುದು ಅವರ ಸಿದ್ಧಾಂತ.

ವಿಮಾನ ನಿಲ್ದಾಣ

ಬಣ್ಣದ ದಪ್ಪ ಅಳೆಯುವ ಒಂದು ಸಣ್ಣ ಯಂತ್ರ ನನ್ನ ಕೈಚೀಲದಲ್ಲಿತ್ತು. ತಗಡಿಗೆ ತಾಗಿಸಿದರೆ ಮೇಲೆ ಎಷ್ಟು ಬಣ್ಣ, ಎಷ್ಟು ಪುಟ್ಟಿ ಇದೆ ಎಂದು ತೋರಿಸುತ್ತದೆ. ನೋಡಲು ಪಿಸ್ತೂಲಿನ ಮರಿಯ ಹಾಗೆ. ತಪಾಸಣೆಯ ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನೆಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಶ್ರೀಪಾದ, ಕಾರಿನ ವಿಡಿಯೋಗಳಲ್ಲಿ ಕಲಿತ ಇಂಗ್ಲಿಷಿನಲ್ಲಿ, ಬಾಡಿ ಚೆಕ್ ಮಾಡಲಿಕ್ಕೆ ಎಂದ. ಯಾರ ಬಾಡಿ ಎಂದು ಅವರು ಕೇಳಿದರು. ಇನ್ನೂ ನೋಡಿಲ್ಲ, ಸ್ವೀಡನ್ನಿನಲ್ಲಿದೆ, ಬಹಳ ಹಳೆಯದು ಎಂದ.

ಆಮೇಲೆ ನಮ್ಮಿಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದರು. ನಾನು ಯಂತ್ರವನ್ನು ಅಲ್ಲಿಯ ಕಬ್ಬಿಣದ ಕಪಾಟಿಗೆ ಹಚ್ಚಿ ತೋರಿಸಿದೆ. ಆ ಕಪಾಟಿಗೆ ಎರಡು ಸಲ ಬಣ್ಣ ಹೊಡೆದದ್ದು ಬಯಲಾಯಿತು. ಅಧಿಕಾರಿಗೆ ಬಹಳ ಖುಷಿಯಾಗಿ, ಮೇಜು, ಬಾಗಿಲು, ಕುರ್ಚಿ ಎಲ್ಲವನ್ನೂ ಅಳೆಸಿದರು. ವಿಮಾನ ಹತ್ತಿದವರಲ್ಲಿ ನಾವೇ ಕೊನೆಯವರು.

ರೈಲು, ಆಮೇಲೆ ಬಸ್ಸು

ಸ್ಟಾಕ್‌ಹೋಮಿನಿಂದ ಉತ್ತರಕ್ಕೆ ಹೋಗುವ ರೈಲಿನಲ್ಲಿ ಮಾತಾಡಬಾರದ ಒಂದು ಡಬ್ಬಿ ಇರುತ್ತದೆ. ನಮಗೆ ಸಿಕ್ಕಿದ್ದು ಅದೇ. ಶ್ರೀಪಾದ ವಿದ್ಯಾಗೆ ಫೋನು ಮಾಡಿ, ವಜ್ರಳ್ಳಿಗೆ ನೇರವಾಗಿ ಕೇಳಿಸಬೇಕೆಂಬ ದನಿಯಲ್ಲಿ, ಇಲ್ಲಿ ಎಷ್ಟು ನಿಶ್ಶಬ್ದ ಇದೆ ಎಂದು ವರ್ಣಿಸಿದ. ಎದುರಿನ ಹೆಂಗಸು ಗೋಡೆಯ ಮೇಲಿದ್ದ, ತುಟಿಗೆ ಬೆರಳಿಟ್ಟ ಚಿತ್ರವನ್ನು ತೋರಿಸಿದಳು. ಬಯ್ಯಲಿಲ್ಲ, ಮುಖ ಸಿಂಡರಿಸಲಿಲ್ಲ. ಸಿರ್ಸಿ–ಯಲ್ಲಾಪುರ ಬಸ್ಸಿನಲ್ಲಿ ಯಾರಾದರೂ ಫೋನಿನಲ್ಲಿ ಮಾತಾಡಿದರೆ ಉಳಿದವರು ಸಲಹೆ ಕೊಡುತ್ತಾರೆ. ಇಲ್ಲಿಯ ಜನ ತೀರ ಸ್ವಾರ್ಥಿಗಳು, ಇನ್ನೊಬ್ಬರ ಸಂಸಾರದಲ್ಲಿ ಆಸಕ್ತಿಯೇ ಇಲ್ಲ.

ರೈಲಿಳಿದು ಹತ್ತಿದ ಬಸ್ಸಿನ ದಾರಿಯುದ್ದಕ್ಕೂ ದೊಡ್ಡ ಕೊಂಬಿನ ಪ್ರಾಣಿಯ ಫಲಕಗಳು. ಅದು ಅಲ್ಲಿಯ ಕಡವೆ, ಹೋರಿಗಿಂತ ಎತ್ತರ. ಚಾಲಕ ತಡವಾದದ್ದಕ್ಕೆ ಕ್ಷಮೆ ಕೇಳುತ್ತ, ಕಡವೆ ಅಡ್ಡ ಬಂದಿತ್ತು ಎಂದ. ನನಗೆ ತಡೆಯಲಾಗಲಿಲ್ಲ; ಫೋಟೋ ಇದೆಯೇ ಎಂದು ಕೇಳಿದೆ. ಅವನು ಫೋನು ತೆಗೆದು ತೋರಿಸಿದ. ರಸ್ತೆಯ ಮಧ್ಯೆ ನಿಜವಾಗಿಯೂ ಒಂದು ಕಡವೆ, ನಿಶ್ಚಿಂತೆಯಿಂದ ನಿಂತಿತ್ತು. ನನ್ನ ವೃತ್ತಿಜೀವನದಲ್ಲಿ ಅಡ್ಡ ಬಂದ ಪ್ರಾಣಿಯನ್ನು ಕಣ್ಣಾರೆ ನೋಡಿದ್ದು ಅದೊಂದೇ.

ಬೆಂಗ್ಟ್ ಅವರ ಮನೆ

ಊರು ಒಂದು ಸರೋವರದ ದಂಡೆಯಲ್ಲಿದೆ. ಎಲ್ಲ ಮನೆಗಳೂ ಮರದವು, ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ಯಾರೋ ಒಬ್ಬ ಕಂಟ್ರಾಕ್ಟರನಿಗೆ ಬಣ್ಣದ ಡಬ್ಬಿ ಉಳಿದುಹೋಗಿರಬೇಕು. ಕಾರಿನ ಒಡೆಯ ಬೆಂಗ್ಟ್ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದು ನಿವೃತ್ತರಾದವರು. ಎತ್ತರದ ಆಳು, ಮಾತುಗಾರ. ಹೆಂಡತಿ ಕೆರ್ಸ್ಟಿನ್ ಮರದ ಮಿಲ್ಲಿನ ರಿಪೇರಿ ವಿಭಾಗದಲ್ಲಿದ್ದವರು. ಗಿಡ್ಡ, ಮಾತು ಕಡಿಮೆ. ಮಕ್ಕಳಿಲ್ಲ. ಅವರ ಮನೆಯಲ್ಲೇ ನಮಗೆ ಕೋಣೆ ಕೊಟ್ಟರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು ಎಂದಾಗ ಶ್ರೀಪಾದನಿಗೆ ನೆಂಟರ ಮನೆಗೆ ಬಂದಷ್ಟು ಸಮಾಧಾನವಾಯಿತು.

ಮೊದಲ ಸಂಜೆ ನನಗೆ ಗಾಬರಿಯಾದದ್ದು ಕೆರ್ಸ್ಟಿನ್ ಅವರ ಉಸಿರಾಟದಿಂದ. ಏನು ಕೇಳಿದರೂ ಅವರು ಬಾಯಿಂದ ಚುಸ್ ಎಂದು ಗಾಳಿ ಎಳೆದುಕೊಳ್ಳುತ್ತಿದ್ದರು. ಉಬ್ಬಸವಿರಬೇಕೆಂದು ಕಷಾಯದ ಪುಡಿ ಕೊಡಲು ಹೊರಟಿದ್ದೆ. ಉತ್ತರದ ಕಡೆಯವರು ‘ಹೌದು’ ಎನ್ನುವುದೇ ಹಾಗೆ ಎಂದು ಬೆಂಗ್ಟ್ ವಿವರಿಸಿದರು. ಹೂಂ ಅನ್ನಲಿಕ್ಕೂ ಉಸಿರು ಖರ್ಚು ಮಾಡದ ಜನ. ನಾವು ತಂದ, ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವನ್ನು ಬೆಂಗ್ಟ್ ಸುತ್ತಿದ ಕಾಗದವೆಂದು ತಿಳಿದು ಬದಿಗಿಟ್ಟು ಒಳಗಿನ ತಿಂಡಿ ಹುಡುಕಿದರು. ಕೆರ್ಸ್ಟಿನ್ ಏನೂ ಕೇಳದೆ ಮುರಿದು ತಿಂದರು.

ಊರಿನಲ್ಲಿ ಎಲ್ಲಿ ನೋಡಿದರೂ ದೋಣಿಯುದ್ದದ ಅಮೆರಿಕನ್ ಕಾರುಗಳು. ಚಳಿಗಾಲವೆಲ್ಲ ಕೊಟ್ಟಿಗೆಯಲ್ಲಿಟ್ಟು, ಬೇಸಿಗೆ ಬಂದೊಡನೆ ಹೊರತೆಗೆದು, ಶನಿವಾರದ ಸಂಜೆ ಮುಖ್ಯ ಬೀದಿಯಲ್ಲಿ ಎತ್ತಿನ ಗಾಡಿಗಿಂತ ನಿಧಾನವಾಗಿ ಸುತ್ತುತ್ತಾರೆ. ಜಗತ್ತಿನ ಅತಿ ವೇಗದ ಕಾರನ್ನು ಕೊಂಡು ಅತಿ ನಿಧಾನವಾಗಿ ಓಡಿಸುವುದು ಅವರ ಹಬ್ಬ.

ಬೆಂಗ್ಟ್ ತಮ್ಮ ಕಾರಿನ ದೋಷಗಳನ್ನೆಲ್ಲ ತಾವೇ ಹೇಳಿದರು. ಎಡ ಬಾಗಿಲು ಬೇರೆ ಕಾರಿನದು, ಹಿಂದಿನ ನೆಲದ ತಗಡು ತುಕ್ಕು ಹಿಡಿದು ಬದಲಾಯಿಸಿದ್ದು, ಸೀಟಿನ ಹೊದಿಕೆ ಹೊಸದು, ಬಣ್ಣ ಎರಡನೆಯ ಸಲದ್ದು. ಪ್ರತಿಯೊಂದಕ್ಕೂ ಬಿಲ್ಲು, ಪ್ರತಿಯೊಂದಕ್ಕೂ ಫೋಟೋ, ದಪ್ಪನೆಯ ಕಡತದಲ್ಲಿ ವರ್ಷವಾರು. ಮಾರುವವನೇ ಮಾಲಿನ ದೋಷ ಹೇಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸುಳ್ಳುಗಾರರ ಜೊತೆ ಹೇಗಿರಬೇಕೆಂದು ನನಗೆ ಗೊತ್ತು. ಪ್ರಾಮಾಣಿಕರನ್ನು ಕಂಡರೆ ದಿಗಿಲು.

“ಆದರೆ ಇಂಜಿನ್” ಎಂದು ಬೆಂಗ್ಟ್ ಎದೆಯ ಮೇಲೆ ಕೈಯಿಟ್ಟುಕೊಂಡರು, “ಅದು ಹುಟ್ಟಿದಾಗಿನದು. ಈ ಊರಿನ ಇಷ್ಟು ಕಾರುಗಳಲ್ಲಿ ಹಾಗಿರುವುದು ನನ್ನದೊಂದೇ.”

ಕೆರ್ಸ್ಟಿನ್ ಎದ್ದು ಕಾಫಿ ತರಲು ಹೋದರು. ನಮ್ಮ ಲೋಟಗಳು ತುಂಬಿಯೇ ಇದ್ದವು.

ಗ್ಯಾರೇಜು

ಕಾರು ಚೆಂದವಿತ್ತು, ಅದನ್ನು ಒಪ್ಪಬೇಕು. ಮಾಗಿದ ಕೋಕಂ ಹಣ್ಣಿನ ಬಣ್ಣ, ಮೇಲೆ ಕಪ್ಪು ಪಟ್ಟೆ, ಹಿಂದಿನ ಚಕ್ರದ ಮೇಲೆ ಓಡಲು ಸಜ್ಜಾದ ಎತ್ತಿನ ಭುಜದ ಹಾಗೆ ಉಬ್ಬು. ಶ್ರೀಪಾದ ಅದರ ಸುತ್ತ ಕೈಕಟ್ಟಿಕೊಂಡು ಪ್ರದಕ್ಷಿಣೆ ಬಂದ. ಉದ್ದಂಡ ನಮಸ್ಕಾರವೊಂದು ಬಾಕಿ.

ನಾನು ಯಂತ್ರ ಹಿಡಿದು ತಗಡಿನ ಮೇಲೆ ನಡೆದೆ. ಬಾಗಿಲು, ನೆಲ, ಹಿಂಬದಿ ಎಲ್ಲವೂ ಬೆಂಗ್ಟ್ ಹೇಳಿದಂತೆಯೇ ಇದ್ದವು. ಗಾಜಿನ ಕೆಳಗಿನ ಚಾಸಿ ಪಟ್ಟಿ ಸರಿಯಿತ್ತು, ಅದನ್ನು ಹಿಡಿದ ರಿವೆಟ್ಟುಗಳು ಕಾರ್ಖಾನೆಯವೇ. ಪುಟ್ಟಿ ಇಲ್ಲ, ಕದ್ದ ಬಿಲ್ಲೆ ಇಲ್ಲ. ಶ್ರೀಮಂತ ಮಾದರಿಯ ಅಸಲಿ ಕಾರೇ. ನಾನು ತಲೆಯಾಡಿಸಿದಾಗಲೆಲ್ಲ ಶ್ರೀಪಾದ ಒಂದಿಂಚು ಎತ್ತರವಾಗುತ್ತಿದ್ದ.

ಕೊನೆಗೆ ಬಾನೆಟ್ ಎತ್ತಿಸಿದೆ. ಇಂಜಿನ್ನಿನ ಮುಂಭಾಗದ ಸಣ್ಣ ಚಪ್ಪಟೆ ಜಾಗದಲ್ಲಿ ಸಂಖ್ಯೆ ಒತ್ತಿದ್ದರು. ಚಾಸಿಯ ಸಂಖ್ಯೆಗೆ ಸರಿಯಾಗಿ ಹೊಂದುತ್ತಿತ್ತು. ಆದರೆ ಆ ಜಾಗ ಬಹಳ ನುಣುಪಾಗಿತ್ತು. ಕಾರ್ಖಾನೆಯಲ್ಲಿ ಕತ್ತರಿಸಿದ ಲೋಹದ ಮೇಲೆ ಕೂದಲಿನಂಥ ಗೆರೆಗಳಿರುತ್ತವೆ. ಕದ್ದ ಬೈಕಿನಲ್ಲಿ ನಾವು ಮೊದಲು ಹುಡುಕುವುದು ಅದನ್ನೇ. ಇಲ್ಲಿ ಗೆರೆಯಿಲ್ಲ, ಯಾರೋ ಉಜ್ಜಿದ್ದರು. ಟಾರ್ಚು, ಕನ್ನಡಿ ಹಿಡಿದು ಇಂಜಿನ್ನಿನ ಹಿಂಬದಿಗೆ ಇಣುಕಿದೆ. ಎರಕ ಹೊಯ್ದ ದಿನಾಂಕ ಅಲ್ಲಿ ಉಬ್ಬಕ್ಷರದಲ್ಲಿರುತ್ತದೆ. ಕಾರು ತಯಾರಾಗಿ ಹೊರಬಿದ್ದ ತಿಂಗಳಿಗಿಂತ ಅದು ಎಷ್ಟೋ ತಿಂಗಳು ಈಚಿನದು. ಮಗು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಅದರ ಹೃದಯ ತಯಾರಾಗಿತ್ತು.

ತಲೆಯೆತ್ತಿದೆ. ಎದುರಿನ ಗೋಡೆಯಲ್ಲಿ ಸ್ಪ್ಯಾನರುಗಳು ಸಾಲಾಗಿ ತೂಗುತ್ತಿದ್ದವು, ಒಂದೊಂದರ ಮೇಲೂ ಅದು ತೂಗುವ ಮೊಳೆಯ ಸಂಖ್ಯೆ ಒತ್ತಿತ್ತು. ಏಳನೆಯದನ್ನು ತೆಗೆದು ನೋಡಿದೆ. ಏಳು ಎಂಬ ಅಂಕಿಯ ಅಡಿಯ ತುದಿ ಮುರಿದಿತ್ತು. ಇಂಜಿನ್ನಿನ ಮೇಲೆ ಕಂಡಿದ್ದ ಏಳಕ್ಕೂ ಅದೇ ಜಾಗದಲ್ಲಿ ಕಾಲು ಮುರಿದಿತ್ತು. ಸ್ಪ್ಯಾನರುಗಳ ಮೇಲಿನ ಈ ಸಂಖ್ಯೆಗಳನ್ನು ಯಾರು ಒತ್ತಿದ್ದೆಂದು ಬೆಂಗ್ಟ್ ಅವರನ್ನು ಕೇಳಿದೆ. ಅವರು ಅಭಿಮಾನದಿಂದ, ಎಲ್ಲವೂ ಕೆರ್ಸ್ಟಿನ್ ಒತ್ತಿದ್ದು, ಮಿಲ್ಲಿನಿಂದ ಅಂಕಿ ಒತ್ತುವ ಅಚ್ಚು ತಂದಿದ್ದಳು, ಅವಳ ಕೈ ಬಹಳ ನೇರ ಎಂದರು.

ಶ್ರೀಪಾದನನ್ನು ಕರೆದು ನಮ್ಮ ಭಾಷೆಯಲ್ಲಿ ಹೇಳಿದೆ. “ಇಂಜಿನ್ ಬ್ಯಾರೆ ಇದ್ದು ಶ್ರೀಪಾದ. ನಂಬರು ಆಮೇಲೆ ಹೊಡದ್ದು.”

ಅವನು ಬಹಳ ಹೊತ್ತು ಬಾನೆಟ್ಟಿನ ಒಳಗೇ ನೋಡುತ್ತಿದ್ದ. “ನೋಡಿದ್ನೇ ಇಲ್ಲೆ ಹೇಳಿ ಮಾಡ್ಕಂಬಲೆ ಆಗ್ತಿಲ್ಯಾ ಅತ್ಗೆ?”

ನೋಡಿಯೇ ಇಲ್ಲ ಎಂದುಕೊಳ್ಳಲು ಆಗುವುದಿಲ್ಲ ಎಂದೆ.

“ವಿದ್ಯಾ ಒಲೆ ಹೂಡ್ತು” ಎಂದ, ಸಣ್ಣ ದನಿಯಲ್ಲಿ.

ಬೆಂಗ್ಟ್ ನಗುತ್ತ ನಮ್ಮಿಬ್ಬರ ಮುಖ ನೋಡುತ್ತಿದ್ದರು, ಹೊಗಳುತ್ತಿದ್ದೇವೆಂದು ತಿಳಿದಿದ್ದರು. ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕೆರ್ಸ್ಟಿನ್ ಮಾತ್ರ ನಮ್ಮ ಮುಖ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದರು.

ಅಡುಗೆಮನೆ

ಬೆಂಗ್ಟ್ ಶ್ರೀಪಾದನನ್ನು ಸರೋವರ ತೋರಿಸಲು ಕರೆದೊಯ್ದರು. ಕೆರ್ಸ್ಟಿನ್ ಪಾತ್ರೆ ತೊಳೆದರು, ನಾನು ಒರೆಸಿದೆ. ಮೂರನೆಯ ತಟ್ಟೆಯ ಹೊತ್ತಿಗೆ ಅವರು, ನಿಮಗೆ ಗೊತ್ತಾಯಿತು, ಎಂದರು. ಪ್ರಶ್ನೆಯಾಗಿರಲಿಲ್ಲ.

ತುಂಡುತುಂಡಾಗಿ ಹೇಳಿದರು. ಬಹಳ ವರ್ಷಗಳ ಹಿಂದಿನ ಒಂದು ಚಳಿಗಾಲ. ಬೆಂಗ್ಟ್ ಹಡಗಿನಲ್ಲಿದ್ದರು. ಇಂಜಿನ್ ತೊಳೆಯಲು ಬರೀ ನೀರು ತುಂಬಿಸಿ, ಹೆಪ್ಪುಗಟ್ಟದ ದ್ರಾವಣವನ್ನು ಮಾರನೆ ದಿನ ಹಾಕುವುದೆಂದು ಇವರು ಬಿಟ್ಟಿದ್ದರು. ಅಷ್ಟರಲ್ಲಿ ತಾಯಿ ಬಿದ್ದು ಸೊಂಟ ಮುರಿದುಕೊಂಡರೆಂದು ಕರೆ ಬಂತು, ಓಡಿದರು. ಮರಳಿ ಬರುವಾಗ ಇಂಜಿನ್ನಿನೊಳಗಿನ ನೀರು ಮಂಜುಗಡ್ಡೆಯಾಗಿ ಕಬ್ಬಿಣವನ್ನು ಸೀಳಿತ್ತು. ಅದೇ ಮಾದರಿಯ ಇನ್ನೊಂದು ಇಂಜಿನ್ನನ್ನು ದೂರದ ಗುಜರಿಯಲ್ಲಿ ಹುಡುಕಿ, ಒಬ್ಬರೇ ಬಿಚ್ಚಿ, ಒಬ್ಬರೇ ಕೂರಿಸಿ, ಸಂಖ್ಯೆ ಒತ್ತಿದರು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇಂಜಿನ್ ಇಳಿಸುವಾಗ ಆರು ಜನ ಕೂಗುತ್ತಾರೆ, ಏಳನೆಯವನು ಚಹಾ ತರುತ್ತಾನೆ. ಈ ಗಿಡ್ಡ ಹೆಂಗಸು ಕೊರೆಯುವ ಚಳಿಯಲ್ಲಿ ಒಬ್ಬರೇ ಮಾಡಿ, ಗಂಡನಿಗೆ ಕೂಡ ಗೊತ್ತಾಗದ ಹಾಗೆ ಕೈ ತೊಳೆದುಕೊಂಡಿದ್ದರು. ಮೆಚ್ಚಬೇಕೋ ಬೈಯಬೇಕೋ ತಿಳಿಯಲಿಲ್ಲ.

“ಮೊದಲ ವಾರವೇ ಹೇಳಬೇಕಿತ್ತು” ಎಂದರು. “ಅವನು ಬಂದು ಇಂಜಿನ್ ಶುರು ಮಾಡಿ ನಕ್ಕ. ಆಮೇಲೆ ಊರಿಗೆಲ್ಲ ಹೇಳಲು ಶುರು ಮಾಡಿದ. ಪ್ರತಿ ವರ್ಷ ಹೇಳುವುದು ಇನ್ನಷ್ಟು ಕಷ್ಟವಾಯಿತು.”

ಹಾಗಾದರೆ ಈಗ ಮಾರುವುದಕ್ಕೆ ಒಪ್ಪಿದ್ದೇಕೆ ಎಂದು ಕೇಳಿದೆ. ದೂರ ಹೋಗಿಬಿಡಲಿ ಎಂದು, ಎಂದರು. ಇಂಡಿಯಾ ಬಹಳ ದೂರ.

ಅಷ್ಟು ದೂರದಲ್ಲೂ ಇಂಜಿನ್ ನೋಡುವವರಿರುತ್ತಾರೆಂದು ಅವರು ಎಣಿಸಿರಲಿಲ್ಲ. ನನಗೆ ಸ್ವಲ್ಪ ಅವಮಾನವೇ ಆಯಿತು. ಆದರೂ, ನನ್ನ ಮೈದುನನಿಗೆ ಸುಳ್ಳು ಹೇಳಲಾರೆ, ನಿಮ್ಮ ಗಂಡನಿಗೆ ನಿಜ ಹೇಳುವುದು ನನ್ನ ಕೆಲಸವಲ್ಲ ಎಂದೆ. ಅವರು ಚುಸ್ ಎಂದು ಗಾಳಿ ಎಳೆದುಕೊಂಡು ಕೊನೆಯ ತಟ್ಟೆ ಕೊಟ್ಟರು.

ಸರೋವರದಿಂದ ಬಂದ ಶ್ರೀಪಾದನ ಬಳಿ ಅಷ್ಟರಲ್ಲಿ ಒಂದು ಉಪಾಯವಿತ್ತು. ಹೆಂಡತಿ ಬೇಡ ಎಂದಳು ಎಂದು ಹೇಳಿ ಜಾರಿಕೊಳ್ಳುವುದು. ಯಾವ ದೇಶದಲ್ಲೂ ಯಾರೂ ಪುರಾವೆ ಕೇಳದ ಕಾರಣ ಅದು. ಎಮ್ಮೆಗಿಂತ ಮೇಲು.

ಅದರ ಅಗತ್ಯ ಬೀಳಲಿಲ್ಲ. ಊಟಕ್ಕೆ ಕುಳಿತಾಗ ಕೆರ್ಸ್ಟಿನ್ ಆಲೂಗಡ್ಡೆಯ ಬೋಗುಣಿಯನ್ನು ಗಂಡನ ಮುಂದಿಟ್ಟು, ತಮ್ಮ ಭಾಷೆಯಲ್ಲಿ ನಾಲ್ಕೈದು ವಾಕ್ಯ ಹೇಳಿದರು. ನಮಗೆ ಒಂದು ಪದವೂ ತಿಳಿಯಲಿಲ್ಲ, ಎಲ್ಲವೂ ತಿಳಿಯಿತು. ಬೆಂಗ್ಟ್ ಎದ್ದು ಗ್ಯಾರೇಜಿಗೆ ಹೋದರು. ಹಿಂದಿರುಗಿದಾಗ ಕೈಯಲ್ಲಿ ಏಳನೆಯ ಸ್ಪ್ಯಾನರು ಇತ್ತು. ಅದನ್ನು ಹೆಂಡತಿಯ ತಟ್ಟೆಯ ಪಕ್ಕ ಇಟ್ಟು, ನಮಗೂ ತಿಳಿಯಲಿ ಎಂದೋ ಏನೋ, ಇಂಗ್ಲಿಷಿನಲ್ಲಿ ಹೇಳಿದರು.

“ಇಂಜಿನ್ ಹೋದರೆ ಹೋಗಲಿ. ಇಷ್ಟು ವರ್ಷ ನಾನು ಊರವರ ಮುಂದೆ ಹೇಳುವಾಗ ನೀನು ಪಕ್ಕದಲ್ಲಿ ಕುಳಿತು ಬನ್ನು ತಿನ್ನುತ್ತಿದ್ದೆ.”

ನಡುವಿನ ದಿನಗಳು

ಶನಿವಾರದ ಮೆರವಣಿಗೆ ನೋಡಿಯೇ ಹೋಗುವುದೆಂದು ಮೊದಲೇ ಮಾತಾಗಿತ್ತು. ಟಿಕೇಟೂ ಹಾಗೇ ಇತ್ತು. ಹೀಗಾಗಿ ಮಾತು ಬಿಟ್ಟ ಗಂಡ ಹೆಂಡತಿಯ ಮನೆಯಲ್ಲಿ ನಾವು ಅತಿಥಿಗಳಾಗಿ ಉಳಿದೆ​ವು. ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವ ಕಂಪನಿಯೂ ಮಾಡಿಕೊಡಲಾರದು.

ನಮ್ಮ ಕಡೆ ಗಂಡ ಹೆಂಡತಿ ಮಾತು ಬಿಟ್ಟರೆ ಪಾತ್ರೆಗಳು ಮಾತಾಡುತ್ತವೆ. ಇಲ್ಲಿ ಚಮಚವೂ ಸಪ್ಪಳ ಮಾಡಲಿಲ್ಲ. ಅವರು ನನ್ನ ಮೂಲಕ ಮಾತಾಡಿದರು, ಅದೂ ಅತ್ಯಂತ ಸಭ್ಯವಾಗಿ. ಬೆಣ್ಣೆ ಮುಗಿದಿದೆಯೆಂದು ದಯವಿಟ್ಟು ಕೆರ್ಸ್ಟಿನ್‌ಗೆ ತಿಳಿಸಿ ಎಂದು ಬೆಂಗ್ಟ್ ನನಗೆ ಹೇಳುವರು. ಎದುರಿನ ಕುರ್ಚಿಯಲ್ಲೇ ಕೆರ್ಸ್ಟಿನ್ ಇರುವರು. ಬೆಣ್ಣೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿದೆ, ಅಲ್ಲಿ ಯಾರೂ ಬಗ್ಗಿ ನೋಡುವುದಿಲ್ಲ ಎಂದು ಅವರಿಗೆ ತಿಳಿಸಿ ಎಂದು ಇವರು ಹೇಳುವರು. ಸಿದ್ದಾಪುರದಿಂದ ಹೊರಟವಳು ಸ್ವೀಡನ್ನಿನಲ್ಲಿ ಬೆಣ್ಣೆಯ ರಾಯಭಾರಿಯಾದೆ. ಶ್ರೀಪಾದ ಈ ಗದ್ದಲವಿಲ್ಲದ ಗದ್ದಲದಿಂದ ತಪ್ಪಿಸಿಕೊಂಡು ಗ್ಯಾರೇಜಿನಲ್ಲಿ ಕಾರಿನ ಪಕ್ಕ ಸ್ಟೂಲು ಹಾಕಿ ಕೂರುತ್ತಿದ್ದ, ಆಸ್ಪತ್ರೆಯಲ್ಲಿ ರೋಗಿಯ ಬಳಿ ಕುಳಿತವರ ಹಾಗೆ.

ಒಮ್ಮೆ ಹೋಗಿ ನೋಡಿದಾಗ, ಇಂಜಿನ್ ಬೇರೆಯಾದರೂ ಶಬ್ದ ಅದೇ ಅಲ್ಲವೇ ಎಂದು ನನ್ನನ್ನು ಕೇಳಿದ. ಶಬ್ದಕ್ಕೆ ವರದಿ ಬರೆದು ನನಗೆ ಅಭ್ಯಾಸವಿಲ್ಲ.

ಶನಿವಾರದ ಮೆರವಣಿಗೆ

ಬೆಂಗ್ಟ್ ನಮ್ಮಿಬ್ಬರನ್ನು ಹಿಂದೆ ಕೂರಿಸಿಕೊಂಡು ಹೊರಟರು. ಕೆರ್ಸ್ಟಿನ್ ಮನೆಯಲ್ಲೇ ಉಳಿದರು. ಮುಂದಿನ ಸೀಟು ಖಾಲಿಯಿತ್ತು. ಅಲ್ಲಿ ಬನ್ನಿನ ಡಬ್ಬಿಯೂ ಇರಲಿಲ್ಲ.

ಬೀದಿಯ ಎರಡೂ ಬದಿಗೆ ಜನ ಮಡಚುವ ಕುರ್ಚಿ ಹಾಕಿ ಕುಳಿತಿದ್ದರು. ನೂಕಿಲ್ಲ, ಸೀಟಿಯಿಲ್ಲ, ಐಸ್‌ಕ್ರೀಮಿಗೆ ಕೂಡ ಸರತಿ. ಮೆರವಣಿಗೆ ಆಮೆಯ ಹೆಜ್ಜೆಯಲ್ಲಿ ಸಾಗಿತು. ಅಂಗಡಿ ಸಾಲಿನ ಎದುರು, ಜನ ಅತಿ ಹೆಚ್ಚು ಸೇರಿದ್ದಲ್ಲಿ, ನಮ್ಮ ಕಾರು ಎರಡು ಸಲ ಕೆಮ್ಮಿ ನಿಂತಿತು. ಬೆಂಗ್ಟ್ ಕೀಲಿ ತಿರುಗಿಸಿದರು. ಮತ್ತೆ ತಿರುಗಿಸಿದರು. ಕಾರು ತಾನು ಕಾರೆಂಬುದನ್ನೇ ಮರೆತಿತ್ತು.

ಹಿಂದಿನವರು ಹಾರನ್ ಹೊಡೆಯಲಿಲ್ಲ, ಸುಮ್ಮನೆ ಕಾದರು. ಅದು ಹಾರನ್ನಿಗಿಂತ ಕೆಟ್ಟದ್ದು. ಬೆಂಗ್ಟ್ ಇಳಿದು ಬಾನೆಟ್ ಎತ್ತಿ ಒಳಗೆ ನೋಡಿದರು. ಆ ನೋಟ ನನಗೆ ಪರಿಚಯವಿದೆ. ಏನು ನೋಡಬೇಕೆಂದು ಗೊತ್ತಿಲ್ಲದವರೆಲ್ಲ ಬಾನೆಟ್ಟಿನೊಳಗೆ ಹಾಗೆಯೇ ನೋಡುತ್ತಾರೆ. ಇಷ್ಟು ವರ್ಷ ಈ ಕಾರನ್ನು ಓಡುವಂತೆ ಇಟ್ಟವರು ಯಾರೆಂದು ಅಲ್ಲಿದ್ದ ಎಲ್ಲರಿಗೂ ಆಗಲೇ ತಿಳಿದುಹೋಯಿತೇನೋ.

ಬೆಂಗ್ಟ್ ಫೋನು ತೆಗೆದು, ನಂಬರು ಒತ್ತಿ, ಕಿವಿಗಿಟ್ಟುಕೊಳ್ಳದೆ ನನ್ನ ಕೈಗೆ ಕೊಟ್ಟರು.

“ದಯವಿಟ್ಟು ಅವಳಿಗೆ ತಿಳಿಸಿ, ಕಾರು ನಿಂತಿದೆ.”

ತಿಳಿಸಿದೆ. ಆ ಕಡೆಯಿಂದ ಕೇಳಿಸಿದ್ದು ಉಸಿರು ಎಳೆದುಕೊಂಡ ಸದ್ದೊಂದೇ. ಸ್ವಲ್ಪ ಹೊತ್ತಿಗೆ ಕೆರ್ಸ್ಟಿನ್ ಸೈಕಲ್ಲಿನಲ್ಲಿ ಬಂದರು. ಬುಟ್ಟಿಯಲ್ಲಿ ಒಂದು ಬಾಟಲಿ ನೀರು, ಒಂದು ಹಳೇ ಟವೆಲ್. ಗಂಡನ ಕಡೆ ನೋಡದೆ ಟವೆಲ್ ನೆನೆಸಿ, ಪೆಟ್ರೋಲಿನ ಕೊಳವೆಗೆ ಸುತ್ತಿ, ಅದರ ಮೇಲೆ ಕೈಯಿಟ್ಟು ನಿಂತರು. ಕಾದ ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿ ಇಂಜಿನ್ನಿಗೆ ತಲುಪುತ್ತಿಲ್ಲ, ತಣಿಯಬೇಕು ಎಂದು ನನಗೆ ಹೇಳಿದರು. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ ಕುಳಿತಂತೆ ಇಡೀ ಊರು ಸುತ್ತ ನಿಂತಿತು.

ಹಾಗೆ ನಿಂತಾಗ ಮಾತಿಲ್ಲದೆ ಕಷ್ಟವಾಗುತ್ತದೆ, ಸ್ವೀಡನ್ನಿನವರಿಗೂ. ಹಿಂದಿನ ಕಾರಿನಿಂದ ಇಳಿದು ಬಂದ ಚರ್ಮದ ಅಂಗಿಯವನೊಬ್ಬ ನಮ್ಮನ್ನು ನೋಡಿ, ನಮಗಾಗಿ ಇಂಗ್ಲಿಷಿನಲ್ಲಿ, ನಿಮಗೆ ಗೊತ್ತೇ, ಈ ಊರಿನಲ್ಲಿ ಹುಟ್ಟಿದಾಗಿನ ಇಂಜಿನ್ ಉಳಿಸಿಕೊಂಡ ಕಾರು ಇದೊಂದೇ, ಬೆಂಗ್ಟ್ ನಮಗೆ ಪ್ರತಿ ವರ್ಷ ನೆನಪಿಸುತ್ತಾನೆ, ಎಂದ. ಸುತ್ತಲಿನವರು ನಕ್ಕರು. ಕೆರ್ಸ್ಟಿನ್ ಅವರ ಕೈ ಟವೆಲ್ಲಿನ ಮೇಲೇ ಇತ್ತು, ತಲೆ ಎತ್ತಲಿಲ್ಲ.

ಬೆಂಗ್ಟ್ ಒಂದು ಕ್ಷಣ ನನ್ನ ಕಡೆ ನೋಡಿದರು. ಇದನ್ನೂ ನಾನೇ ತಿಳಿಸಬೇಕಾಗುತ್ತದೆಯೋ ಎಂದು ನನಗೆ ಭಯವಾಯಿತು.

“ಅಲ್ಲ” ಎಂದರು. “ಅದು ಚಳಿಗೆ ಒಡೆದುಹೋಯಿತು. ನಾನು ಸಮುದ್ರದಲ್ಲಿದ್ದೆ. ಇದು ಅವಳು ಒಬ್ಬಳೇ ಕೂರಿಸಿದ್ದು.”

ಚರ್ಮದ ಅಂಗಿಯವನು ಬಾನೆಟ್ಟಿನೊಳಗೆ ಬಗ್ಗಿ ನೋಡಿದ. ಆಮೇಲೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಅಲ್ಲಿಯೂ ಒಂದು ಸರತಿ ಆಯಿತು. ಒಬ್ಬ ಕೆರ್ಸ್ಟಿನ್ ಅವರನ್ನು ಏನೋ ಕೇಳಿದ, ಅವರು ಉತ್ತರಿಸಿದರು, ಮತ್ತೊಬ್ಬ ಕೇಳಿದ. ಅವರು ಅಷ್ಟು ಮಾತಾಡಿದ್ದನ್ನು ಆ ಊರು ಎಂದೂ ನೋಡಿರಲಿಲ್ಲವೇನೋ. ಕೊನೆಗೆ ಅವರು ಟವೆಲ್ ಬಿಚ್ಚಿ, ಬಾನೆಟ್ ಮುಚ್ಚಿ, ಚಾಲಕನ ಬಾಗಿಲು ತೆಗೆದು ಕುಳಿತರು. ಕಾರು ಕೀಲಿಯ ಮೊದಲ ತಿರುವಿಗೇ ಗುಡುಗಿತು. ಬೆಂಗ್ಟ್ ಸುತ್ತಿ ಬಂದು ಆಚೆಯ ಸೀಟಿನಲ್ಲಿ, ಮೊಣಕಾಲು ಎದೆಗೆ ತಾಗುವಂತೆ ಮಡಚಿಕೊಂಡು ಕುಳಿತರು. ಸೀಟು ಹಿಂದೆ ಸರಿಸುವ ಗುಂಡಿ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಸೈಕಲ್ಲು ಶ್ರೀಪಾದನ ಪಾಲಿಗೆ ಬಂತು. ಅವನು ಮೆರವಣಿಗೆಯ ಹಿಂದೆ ಅದನ್ನು ತುಳಿಯುತ್ತ ಬಂದ. ಕಾರಿಗಿಂತ ಮುಂದೆ ಹೋಗದಂತೆ ಬ್ರೇಕ್ ಹಿಡಿಯಬೇಕಾಯಿತಂತೆ.

ರೈಲು ನಿಲ್ದಾಣ

ಬೆಳಿಗ್ಗೆ ಶ್ರೀಪಾದ ಗಂಟಲು ಸರಿಮಾಡಿಕೊಂಡು, ಇಂಜಿನ್ ಯಾವುದಾದರೂ ಇರಲಿ, ಕಾರು ತಾನು ಕೊಳ್ಳುತ್ತೇನೆ ಎಂದ. ರಾತ್ರಿಯಿಡೀ ಯೋಚಿಸಿದ್ದನಂತೆ. ವಿದ್ಯಾಳಿಗೂ ಫೋನು ಮಾಡಿ ಎಲ್ಲ ಹೇಳಿದ್ದ. ಒಬ್ಬ ಹೆಂಗಸು ಒಬ್ಬಳೇ ಇಂಜಿನ್ ಕೂರಿಸಿದ ಕಾರಾದರೆ ಬರಲಿ, ನೋಡಬೇಕು ಎಂದಳಂತೆ ಅವಳು. ನಾನು ಇದಕ್ಕೆ ಸಿದ್ಧಳಿರಲಿಲ್ಲ.

ಬೆಂಗ್ಟ್ ಹೆಂಡತಿಯ ಕಡೆ ನೋಡಿದರು. ಕೆರ್ಸ್ಟಿನ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದವರು, ಕಾರು ಈಗ ಮಾರಾಟಕ್ಕಿಲ್ಲ ಎಂದರು. ಅಸಲಿಯಾಗಿದ್ದಾಗ ಮಾರಲು ತಯಾರಿದ್ದವರು, ಅಲ್ಲವೆಂದು ರುಜುವಾತಾದ ಮೇಲೆ ಕೊಡಲಾರೆವು ಎನ್ನುತ್ತಿದ್ದರು. ಇಷ್ಟು ಕೆಟ್ಟ ವ್ಯಾಪಾರ ಯಲ್ಲಾಪುರದ ಸಂತೆಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ಶ್ರೀಪಾದ ತಟ್ಟೆ ನೋಡುತ್ತ, “ಅಡ್ಡಿಲ್ಲೆ” ಎಂದ, ಕನ್ನಡದಲ್ಲೇ. ಅವರು ಅರ್ಥ ಕೇಳಲಿಲ್ಲ.

ಇಬ್ಬರೂ ಸೇರಿ ನಮ್ಮನ್ನು ಆ ಕಾರಿನಲ್ಲೇ ರೈಲಿಗೆ ಬಿಡಲು ಹೊರಟರು. ಕೆರ್ಸ್ಟಿನ್ ಓಡಿಸಿದರು. ಮೊದಲ ತಿರುವಿನಲ್ಲಿ ಬೆಂಗ್ಟ್ ಏನೋ ಹೇಳಿದರು. ಅವರು ಏನೋ ಉತ್ತರ ಕೊಟ್ಟರು. ಎರಡನೆಯ ತಿರುವಿನ ಹೊತ್ತಿಗೆ ಅದು ಜಗಳವಾಗಿತ್ತು. ಕೈ ಬೀಸಿ, ದನಿ ಏರಿಸಿ, ಒಬ್ಬರ ಮಾತು ಇನ್ನೊಬ್ಬರು ಕತ್ತರಿಸಿ, ಇಷ್ಟು ವರ್ಷದ ಬಾಕಿಯೆಲ್ಲ. ನಡುನಡುವೆ ‘ಅಚ್ಚು’, ‘ಬನ್ನು’, ‘ಅಮ್ಮ’ ಎಂದೇ ಹೇಳುತ್ತಿರಬೇಕೆಂದು ನನಗೆ ಅನಿಸಿತು. ಅವರ ಭಾಷೆ ನನಗೆ ಬರುವುದಿಲ್ಲ. ನನಗೆ ಯಾರೂ ಏನನ್ನೂ ತಿಳಿಸಿ ಎನ್ನಲಿಲ್ಲ. ಆ ಕೆಲಸ ಹೋದದ್ದಕ್ಕೆ ನನಗೆ ಬೇಸರವಿರಲಿಲ್ಲ. ಶ್ರೀಪಾದ ಸೀಟಿನ ಹೊದಿಕೆಯ ಮೇಲೆ ಅಂಗೈ ಊರಿ, ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ.

ನಿಲ್ದಾಣದಲ್ಲಿ ನಾವೇ ಚೀಲ ಇಳಿಸಿಕೊಂಡೆವು. ಬೆಂಗ್ಟ್ ವಿದಾಯ ಹೇಳಲು ಕಿಟಕಿಯಿಂದ ಕೈ ಚಾಚಿದವರು ಅಷ್ಟರಲ್ಲಿ ಇನ್ನೊಂದು ನೆನಪಾಗಿ ಒಳಗೆ ತಿರುಗಿ ಹೇಳತೊಡಗಿದರು. ಕೆರ್ಸ್ಟಿನ್ ಅದಕ್ಕೆ ಉತ್ತರ ಕೊಡುತ್ತಲೇ ಗೇರ್ ಹಾಕಿದರು. ಚಾಚಿದ ಕೈ ಹೊರಗೇ ಇದ್ದಂತೆ ಕಾರು ಹೊರಟುಹೋಯಿತು.

ಕಾಣದಾದ ಮೇಲೂ ಅದರ ಸದ್ದು ಸರೋವರದ ಅಂಚಿನಲ್ಲಿ ಬಹಳ ಹೊತ್ತು ಕೇಳುತ್ತಿತ್ತು. ರೈಲು ಬಂದು ನಿಂತು ಬಾಗಿಲು ತೆರೆಯಿತು. ಶ್ರೀಪಾದ ಆ ದಿಕ್ಕಿಗೆ ಕಿವಿಗೊಟ್ಟು ನಿಂತೇ ಇದ್ದ. ನಾನು ಅವನ ಅಂಗಿಯ ತೋಳು ಹಿಡಿದು ಎಳೆಯಬೇಕಾಯಿತು.